ಹವ್ವಾಳ ಕೈ

ಕಪ್ಪು ಜೀರಿಗೆ ಬಿಸಿ ಕಾವಲಿಗೆ ಬಿದ್ದಾಗ ಏಳುವ ವಾಸನೆಗೆ ನನಗೆ ಸಿಟ್ಟು ಬರುತ್ತದೆ. ಬೇರೆಯವರಿಗೆ ಹಸಿವಾಗುತ್ತದಂತೆ. ಆಗಲಿ. ಕಳೆದ ತಿಂಗಳು ಮೊಣಕಾಲು ತೋರಿಸಲು ಜಿದ್ದಾದ ತೆಂಕು ಭಾಗದ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆವು. ಬರುವಾಗ ಮಗ ಹನೀಫ್ ನಮ್ಮ ಹಳೆಯ ಗಲ್ಲಿಯ ಬಾಯಿಯಲ್ಲಿ ಕಾರು ನಿಲ್ಲಿಸಿದ, ಟಯರಿಗೆ ಗಾಳಿ ಹಾಕಿಸಲಿಕ್ಕೆ. ಕಿಟಕಿ ಇಳಿಸಿದ ಕೂಡಲೇ ಅದೇ ವಾಸನೆ ಒಳಗೆ ಬಂತು. ಅವನಿಗೂ ಬಂದಿರಬೇಕು. ನನ್ನ ಮುಖ ನೋಡಿ ಕಿಟಕಿ ಏರಿಸಿದ. ಇಳಿಸು ಎಂದೆ.

ಆ ಗಲ್ಲಿಯಲ್ಲಿ ನಾವು ಇದ್ದದ್ದು ಒಂದೇ ವರ್ಷ. ಅದಕ್ಕೆ ಮೊದಲು ಇದ್ದದ್ದು ಜಿದ್ದಾದ ಅಜೀಜಿಯಾದಲ್ಲಿ, ನಮ್ಮ ಮಂಗಳೂರು ಕಡೆಯ ಕುಟುಂಬಗಳ ನಡುವೆ. ಹನೀಫನ ಕಂಪೆನಿ ಸಂಬಳ ಇಳಿಸಿದಾಗ ಅಲ್ಲಿಯ ಬಾಡಿಗೆ ಕಟ್ಟಲು ಆಗಲಿಲ್ಲ. ತೆಂಕು ಭಾಗದಲ್ಲಿ ಅಗ್ಗದ ಮನೆ ಸಿಕ್ಕಿತು, ಹೋದೆವು. ಸೊಸೆ ಜೀನತ್ ಸಾಮಾನು ಕಟ್ಟುವಾಗ ಮರಣದ ಮನೆಯಲ್ಲಿ ಕೂತವಳ ಹಾಗೆ ಇದ್ದಳು. ನಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಯಾರಾದರೂ ಕೇಳಿದರೆ ಹತ್ತಿರದ ದೊಡ್ಡ ರಸ್ತೆಯ ಹೆಸರು ಹೇಳುತ್ತಿದ್ದಳು, ಗಲ್ಲಿಯ ಹೆಸರು ಹೇಳುತ್ತಿರಲಿಲ್ಲ.

ಯಾಕೆಂದರೆ ಆ ಗಲ್ಲಿಯಲ್ಲಿ ಇದ್ದವರು ಹೆಚ್ಚಿನವರು ಕಪ್ಪು ಜನ. ಅವರ ಮುತ್ತಜ್ಜಂದಿರು ಆಫ್ರಿಕದಿಂದ ಹಜ್ಜಿಗೆಂದು ಹೊರಟು, ದಾರಿಯಲ್ಲಿ ಕೂಲಿ ಮಾಡುತ್ತಾ ನಡೆದು ಬಂದು, ಹಿಂದೆ ಹೋಗಲು ಆಗದೆ ಇಲ್ಲಿಯೇ ಉಳಿದವರಂತೆ. ಈಗಿನವರು ಹುಟ್ಟಿದ್ದು ಇಲ್ಲಿ, ಆಡುವುದು ಅರಬಿ, ಸತ್ತರೆ ಹೂಳುವುದೂ ಇಲ್ಲಿ. ಆದರೂ ಎಲ್ಲಿಯವರು ಎಂದು ಅವರನ್ನು ಕೇಳುವುದು ಮುಗಿದಿಲ್ಲ. ಅಜೀಜಿಯಾದ ನಮ್ಮವರು ಅವರಿಗೆ ಹಬ್ಶಿ ಎನ್ನುತ್ತಾರೆ. ನಾನೂ ಎನ್ನುತ್ತಿದ್ದೆ. ಹವ್ವಾಳ ಗುರುತಾದ ಮೇಲೆ ಬಿಟ್ಟೆ. ಅವಳ ಎದುರು ಹೇಳಿದ್ದರೆ ಹೊಡೆಯುತ್ತಿದ್ದಳು.

ಗುರುತಾದದ್ದು ಮಳೆಯಿಂದ. ಜಿದ್ದಾದ ಮಳೆ ನಮ್ಮ ಕಡೆಯ ಮಳೆಯ ಹಾಗಲ್ಲ. ವರ್ಷವಿಡೀ ಬರುವುದಿಲ್ಲ, ಬಂದ ದಿನ ಹೋಗುವ ದಾರಿ ತಿಳಿಯದೆ ಮನೆಯೊಳಗೆ ಬಂದು ಕೂರುತ್ತದೆ. ಆ ಚಳಿಗಾಲದ ಮಳೆಗೆ ಗಲ್ಲಿಯಲ್ಲಿ ಮೊಣಕಾಲು ನೀರು, ಅದರ ಮೇಲೆ ಎಣ್ಣೆ, ಪ್ಲಾಸ್ಟಿಕ್, ಯಾರದೋ ಚಪ್ಪಲಿ. ನೀರು ಇಳಿದ ಮರುದಿನ ನೋಡಿದರೆ ಎದುರಿನ ಖಾಲಿ ಅಂಗಡಿಯ ಶಟರ್ ಎತ್ತಿ ಮೂರು ನಾಲ್ಕು ಹೆಂಗಸರು ಕೆಸರು ತಳ್ಳುತ್ತಿದ್ದರು. ಮೊದಲು ಅದು ಟಯರಿನ ಅಂಗಡಿ, ಗೋಡೆಯೆಲ್ಲ ರಬ್ಬರಿನ ಮಸಿ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವರು ಕೆಸರನ್ನು ತಗ್ಗಿನ ಕಡೆಯಿಂದ ಎತ್ತರದ ಕಡೆಗೆ ತಳ್ಳುತ್ತಿದ್ದರು. ಸಹಿಸಲು ಆಗಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ನೀರು ತಳ್ಳಿಯೇ ಬೆನ್ನು ಬಗ್ಗಿದವಳು ನಾನು. ಪೊರಕೆ ಹಿಡಿದು ಕೆಳಗೆ ಇಳಿದೆ.

ಯಾರೂ ಕರೆದಿರಲಿಲ್ಲ. ಬಂದದ್ದು ಯಾಕೆ ಎಂದೂ ಕೇಳಲಿಲ್ಲ. ಅವರಲ್ಲಿ ದೊಡ್ಡ ದೇಹದ ಒಬ್ಬಳು, ನನ್ನಷ್ಟೇ ವಯಸ್ಸಿನವಳು, ಸೊಂಟಕ್ಕೆ ಕೈಕೊಟ್ಟು ನಿಂತು ನಾನು ತಳ್ಳುವುದನ್ನು ನೋಡಿದಳು. ಆಮೇಲೆ ಉಳಿದವರಿಗೆ ಹೇಳಿದಳು, "ಈ ಹಿಂದಿ ಮುದುಕಿ ಮಾಡುವ ಹಾಗೆ ಮಾಡಿ." ಅರಬಿಯಲ್ಲಿ ಹಿಂದಿ ಎಂದರೆ ಇಂಡಿಯಾದವರು.

ನಾನು ಕೇಳಿದೆ, "ಮುದುಕಿ ಯಾರು?"

"ನಾವಿಬ್ಬರೂ," ಎಂದಳು.

ಅವಳೇ ಹವ್ವಾ. ಗಲ್ಲಿಯವರು ಗೌರವಕ್ಕೆ ಹಜ್ಜಾ ಹವ್ವಾ ಎನ್ನುತ್ತಿದ್ದರು. ನನ್ನ ಅರಬಿ ಅಡುಗೆಮನೆಯ ಅರಬಿ, ಅವಳಿಗೆ ಸ್ವಲ್ಪ ಉರ್ದು ಬರುತ್ತಿತ್ತು. ಇಬ್ಬರಿಗೂ ಬೈಯಲು ಸಾಕಾಗುವಷ್ಟು ಭಾಷೆ ಇತ್ತು.

ಆ ಹೆಂಗಸರೆಲ್ಲ ವರ್ಷಗಟ್ಟಲೆ ದಾರಿಬದಿಯಲ್ಲಿ ಬಟ್ಟೆ ಹಾಸಿ, ನೆಲದ ಮೇಲೆ ಕೂತು ಕಡಲೆಬೀಜ, ರೊಟ್ಟಿ, ಅಪ್ಪ ಮಾರಿದವರು. ಮಾರುವಾಗ ಮುಖ ಮುಚ್ಚಿ, ತಲೆ ತಗ್ಗಿಸಿ, ಯಾರಾದರೂ ಓಡಿಸಲು ಬಂದರೆ ಬಟ್ಟೆಯ ನಾಲ್ಕು ಮೂಲೆ ಹಿಡಿದು ಓಡಬೇಕು. ಈಗ ಗಲ್ಲಿಯ ಕುಟುಂಬಗಳೆಲ್ಲ ಸೇರಿ, ನಮ್ಮಲ್ಲಿ ಹೆಂಗಸರು ಕುರಿ, ಅಂದರೆ ಚೀಟಿ, ಹಾಕುವ ಹಾಗೆ ಹಣ ಒಟ್ಟು ಮಾಡಿ, ಒಂದು ಬೇಕರಿ ಇಡಲು ಹೊರಟಿದ್ದರು. ಯಾರೊಬ್ಬರದ್ದೂ ಅಲ್ಲ, ಎಲ್ಲರದ್ದು. ಲೈಸನ್ಸ್ ಮಾತ್ರ ಹವ್ವಾಳ ಹೆಸರಿನಲ್ಲಿ, ಅವಳಿಗೆ ಈ ದೇಶದ ಕಾಗದ ಸರಿಯಾಗಿ ಇತ್ತು. ಒಳಗೆ ಒಲೆ, ಎದುರಿಗೆ ರಸ್ತೆಗೆ ತೆರೆಯುವ ಒಂದು ದೊಡ್ಡ ಕಿಟಕಿ. ಆ ಕಿಟಕಿಯಲ್ಲಿ ನಿಂತು ಮಾರಬೇಕು ಎಂಬುದು ಹವ್ವಾಳ ಆಸೆ. ಬೇರೆ ಎಂತದ್ದೂ ಅವಳು ಕೇಳಲಿಲ್ಲ. ಬಡಗಿ ಬಂದಾಗ ಕಿಟಕಿಯ ಕಟ್ಟೆ ಅವಳ ಹೊಟ್ಟೆಗೆ ಸರಿಯಾಗಿ ಬರಬೇಕೆಂದು ಎರಡು ಸಲ ಒಡೆಸಿದಳು.

"ನೆಲದಲ್ಲಿ ಕೂತು ನಾನು ಜನರ ಕಾಲು ನೋಡಿದ್ದೇ ನೋಡಿದ್ದು," ಎಂದಿದ್ದಳು. "ಇನ್ನು ನಿಂತು ಮುಖ ನೋಡಿ ಮಾರುತ್ತೇನೆ."

ನಾನು ದಿನಾ ಹೋಗತೊಡಗಿದೆ. ಗೋಡೆಯ ಮಸಿ ಕೆರೆದೆ, ಬಣ್ಣ ಹೊಡೆಯುವವನಿಗೆ ಏಣಿ ಹಿಡಿದೆ, ಹಿಟ್ಟಿನ ಚೀಲ ಇಡಲು ಹಲಗೆ ತೊಳೆದೆ. ಹನೀಫ್ ಹೆದರಿದ. ನನ್ನ ಇಕಾಮಾದಲ್ಲಿ, ಇಲ್ಲಿ ಇರಲು ಕೊಟ್ಟ ಕಾಗದದಲ್ಲಿ, ಕೆಲಸವೆಂದು ಬರೆದಿಲ್ಲ, ನಾನು ಅವನ ವೀಸಾದ ಮೇಲೆ ಬಂದವಳು. ಯಾರಾದರೂ ಹಿಡಿದರೆ ಎಂತ ಹೇಳುವುದು ಎಂದು ಕೇಳಿದ. ನೆರೆಮನೆಯವಳು ಎಂದು ಹೇಳು ಎಂದೆ. ಕೂಲಿ ತೆಗೆದುಕೊಂಡರೆ ಕೆಲಸ, ತೆಗೆದುಕೊಳ್ಳದಿದ್ದರೆ ನೆರೆಕರೆ. ಆದರೂ ಬಲದಿಯಾದವರು, ಅಂದರೆ ಇಲ್ಲಿಯ ಮುನಿಸಿಪಾಲಿಟಿಯವರು, ಒಲೆ ನೋಡಲು ಬಂದ ದಿನ ನಾನು ಹೊರಗೆ ಕುರ್ಚಿಯಲ್ಲಿ ಕೂತು ಗಿರಾಕಿಯ ಹಾಗೆ ಕಾದೆ. ಇನ್ನೂ ತೆರೆಯದ ಅಂಗಡಿಯ ಮೊದಲ ಗಿರಾಕಿ ನಾನೇ.

ಒಂದು ದಿನ ಹವ್ವಾ ಮನೆಯಿಂದ ಒಂದು ಕಬ್ಬಿಣದ ಕಾವಲಿ ತಂದಳು. ನೋಡಿದರೆ ನಮ್ಮ ಗುಳಿಯಪ್ಪದ ಕಾವಲಿ. ಅದೇ ಗುಳಿಗಳು, ಅದೇ ತೂಕ, ಹಿಡಿ ಮಾತ್ರ ಬೇರೆ. ಇದು ನಮ್ಮಲ್ಲಿಯೂ ಉಂಟು ಎಂದೆ. ಅವಳು ನಂಬಲಿಲ್ಲ, ನಾನು ಜಂಬ ಕೊಚ್ಚುತ್ತೇನೆ ಎಂದುಕೊಂಡಳು. ತನ್ನ ಮುತ್ತಜ್ಜಿ ಇದನ್ನು ತಲೆಯ ಮೇಲೆ ಹೊತ್ತು ಮರುಭೂಮಿ ದಾಟಿದ್ದು, ಇದರಲ್ಲಿ ಮಾಡುವ ಅಕ್ಕಿಯ ಅಪ್ಪಕ್ಕೆ ಮಾಸಾ ಎಂದು ಹೆಸರು, ಇದು ತನ್ನ ಜನರದ್ದು ಎಂದಳು. ನಾನು ಜೀನತಳ ಫೋನಿನಲ್ಲಿ ನಮ್ಮ ಕಾವಲಿಯ ಚಿತ್ರ ತೆಗೆಸಿ ತೋರಿಸಿದೆ. ತುಂಬ ಹೊತ್ತು ನೋಡಿ, "ನಿಮ್ಮವರು ನಮ್ಮಿಂದ ಕದ್ದದ್ದು," ಎಂದಳು.

ಅಕ್ಕಿ ನೆನೆಸುವ, ರುಬ್ಬುವ, ಹಿಟ್ಟು ಹುಳಿ ಬರಿಸುವ ಕೆಲಸ ಹಾಗೆ ನನಗೆ ಬಂತು. ಮೊದಲ ದಿನ ನಾನು ಅಭ್ಯಾಸಬಲದಿಂದ ಅಕ್ಕಿಯ ಜೊತೆ ಮೆಂತೆ ಹಾಕಿ ನೆನೆಸಿದೆ. ಅವಳು ಪಾತ್ರೆ ಮೂಸಿ ಹೊರಗೆ ತಂದಿಟ್ಟಳು. ಮೆಂತೆ ಹಾಕುವುದು ಬಾಣಂತಿಗೆ ಎಂದಳು. ಅವಳದ್ದು ಕಪ್ಪು ಜೀರಿಗೆ, ಮತ್ತೆ ಸ್ವಲ್ಪ ಬೇಯಿಸಿದ ಅಕ್ಕಿ. ಜಿದ್ದಾದ ಸೆಕೆಗೆ ಹಿಟ್ಟು ಹುಳಿ ಬರುವುದು ಬೇಗ. ಕಾಯಬೇಕಾಗಿಲ್ಲ, ಕಾವಲು ಇರಬೇಕು. ಒಂದು ಸಲ ಇಬ್ಬರೂ ಮಾತಿಗೆ ಕೂತು ಹಿಟ್ಟು ಉಕ್ಕಿ ಹಲಗೆಯಿಂದ ನೆಲಕ್ಕೆ ಹರಿದಿತ್ತು. ತಪ್ಪು ನಿನ್ನದು ಎಂದು ಅವಳು, ನಿನ್ನದು ಎಂದು ನಾನು. ಒರೆಸಿದ್ದು ಇಬ್ಬರೂ.

ಬೇಕರಿ ತೆರೆದದ್ದು ರಂಜಾನಿಗೆ ಕೆಲವು ದಿನ ಇರುವಾಗ. ಅದು ದೂಳಿನ ಕಾಲ. ಅಂದು ಬೆಳಿಗ್ಗೆಯೇ ಆಕಾಶ ಅರಿಶಿನ ಬಣ್ಣ, ಎದುರಿನ ಮನೆ ಕಾಣುವುದಿಲ್ಲ, ಹಲ್ಲಿನಲ್ಲಿ ಮರಳು. ಮುಂದೂಡುವ ಎಂದರು ಕೆಲವರು. ಹವ್ವಾ ಒಪ್ಪಲಿಲ್ಲ. ಬಿಳಿ ಏಪ್ರನ್ ಇಸ್ತ್ರಿ ಹಾಕಿಸಿ ಇಟ್ಟಿದ್ದಳು, ಅದನ್ನು ಕಟ್ಟಿ ಕಿಟಕಿಗೆ ಬಂದು ನಿಂತಳು. ಒಳಗೆ ಊದಿನ ಧೂಪದ ಹೊಗೆ, ಹೊರಗೆ ದೂಳು. ಮೊದಲ ಒಲೆಯದ್ದು ದೇವರ ದಾರಿಗೆ, ಅಂದರೆ ಬಂದವರಿಗೆಲ್ಲ ಪುಕ್ಕಟೆ. ಒಲೆಯಿಂದ ಮೊದಲ ತಟ್ಟೆ ಎಳೆಯುವಾಗ ಗಡಿಬಿಡಿಯಲ್ಲಿ ಅದರ ಅಂಚು ಅವಳ ಬಲಗೈ ಮಣಿಕಟ್ಟಿನ ಮೇಲೆ ಕೂತಿತು. ಚರ್ಮ ಎದ್ದಿತು. ಬಟ್ಟೆ ಸುತ್ತಿಕೊಂಡು ಕಿಟಕಿ ಬಿಡದೆ ಹಂಚಿದಳು.

ಜನ ಬಂದರು. ಗಲ್ಲಿಯವರು ಬಂದರು, ದೊಡ್ಡ ರಸ್ತೆಯ ಆಚೆ ಹೊಸದಾಗಿ ಎದ್ದ ಫ್ಲ್ಯಾಟುಗಳಿಂದಲೂ ಬಂದರು. ಮುಖಕ್ಕೆ ಬಟ್ಟೆ ಒತ್ತಿಕೊಂಡು, ಮಕ್ಕಳನ್ನು ಎಳೆದುಕೊಂಡು ಬಂದರು, ಡ್ರೈವರನ್ನೂ ಕಳಿಸಿದರು. ಫ್ಲ್ಯಾಟಿನ ಒಬ್ಬಳು ಅಲ್ಲಿಯೇ ನಿಂತು ಒಂದು ಮಾಸಾ ತಿಂದು, ತುಂಬ ಚೆನ್ನಾಗಿದೆ, ಮಾಲೀಕರನ್ನು ಕರೆಯಿರಿ, ಹೇಳಬೇಕು ಎಂದಳು.

"ನಾನೇ," ಎಂದಳು ಹವ್ವಾ.

ಅವಳು ನಕ್ಕಳು. ಹವ್ವಾ ತಮಾಷೆ ಮಾಡಿದಳು ಎಂದು ತಿಳಿದು ನಕ್ಕದ್ದು. "ಇಲ್ಲ ಹಜ್ಜಾ, ನಿಜವಾದ ಮಾಲೀಕರು."

ಹವ್ವಾ ಅವಳ ಕೈಗೆ ಇನ್ನೊಂದು ಪೊಟ್ಟಣ ಕೊಟ್ಟಳು. ನಾನು ಒಳಗಿನಿಂದ ನೋಡುತ್ತಿದ್ದೆ. ಬಾಯಿ ಹಾಕಲು ಹೊರಟೆ. ಹವ್ವಾ ತಿರುಗದೆಯೇ ಹಿಂದೆ ಕೈಬೀಸಿ ನನ್ನನ್ನು ನಿಲ್ಲಿಸಿದಳು.

ಮರುದಿನದಿಂದ ಫ್ಲ್ಯಾಟಿನವರು ಯಾರೂ ಇಲ್ಲ. ಅದರ ಮರುದಿನವೂ ಇಲ್ಲ. ಕಾರುಗಳು ನಿಧಾನಿಸುತ್ತಿದ್ದವು, ವಾಸನೆಗೆ. ಕಿಟಕಿಯಲ್ಲಿ ನಿಂತವಳನ್ನು ನೋಡಿ ಮುಂದೆ ಹೋಗುತ್ತಿದ್ದವು. ನಾನು ಎರಡು ಕಣ್ಣಿನಿಂದ ನೋಡಿದ್ದು. ಗಲ್ಲಿಯವರು ಕೊಂಡರೆ ಎಷ್ಟು ಕೊಂಡಾರು? ಅದೂ ಅವರದ್ದೇ ಅಂಗಡಿ. ಸಂಜೆಯ ಹೊತ್ತಿಗೆ ಬನ್ನು ಒಣಗಿ ಕಲ್ಲಾಗುತ್ತಿತ್ತು. ಮೇಕೆ ಸಾಕಿದವರು ಬಂದು ಕೊಂಡುಹೋಗುತ್ತಿದ್ದರು. ಹವ್ವಾ ಅವರಿಗೂ ಎರಡೂ ಕೈಯಲ್ಲಿ ಕೊಡುತ್ತಿದ್ದಳು.

ಆಗ ಇದ್ರೀಸ್ ಬಂದ. ಅವನು ಹವ್ವಾಳ ತಮ್ಮನ ಮಗ, ಕಂಪೆನಿಯಲ್ಲಿ ಗುಮಾಸ್ತ, ಮದುವೆಯಾಗಿ ಮಕ್ಕಳಿರುವವನು, ಎಲ್ಲ ಕುಟುಂಬಗಳ ಪರವಾಗಿ ಮಾತಾಡುವವನು. ಕೆಟ್ಟವನಲ್ಲ. ನೀರು ಕುಡಿದು, ಗ್ಲಾಸು ಕೆಳಗಿಟ್ಟು, ಕಿಟಕಿಯಲ್ಲಿ ಬೇರೆಯವರು ನಿಂತರೆ ಒಳ್ಳೆಯದು ಎಂದ. ಶಾಮಿ ಒಬ್ಬ, ಅಂದರೆ ಸಿರಿಯಾದವನು, ನಬೀಲ್ ಎಂದು ಹೆಸರು, ಕೆಲಸ ಮಾಡುತ್ತಿದ್ದ ಬೇಕರಿ ಮುಚ್ಚಿ ಖಾಲಿ ಇದ್ದಾನೆ. ಬೆಳ್ಳಗಿದ್ದಾನೆ, ನಗುತ್ತಾನೆ. ಶಾಮಿಗಳ ಬೇಕರಿ ಎಂದರೆ ಜನ ಮುಗಿಬೀಳುತ್ತಾರೆ. ಅತ್ತೆ ಒಳಗೆ ಇದ್ದುಕೊಂಡು ಎಲ್ಲ ನೋಡಿಕೊಳ್ಳಲಿ. ರಂಜಾನಿನಲ್ಲಿ ನಡೆಯದಿದ್ದರೆ ಈ ಅಂಗಡಿ ಮತ್ತೆ ನಡೆಯುವುದಿಲ್ಲ, ಎಲ್ಲರ ಮನೆಯ ಹೆಂಗಸರು ಮತ್ತೆ ಬಟ್ಟೆ ಹಾಸಬೇಕಾಗುತ್ತದೆ ಎಂದ.

ಹವ್ವಾ ಅವನಿಗೆ ಎಂತೆಂತ ಹೇಳಿದಳೋ ನನಗೆ ಅರ್ಥವಾದದ್ದು ಅರ್ಧ. ಅರ್ಥವಾದಷ್ಟನ್ನು ಬರೆಯಲಿಕ್ಕಿಲ್ಲ. ಅವನು ತಲೆ ತಗ್ಗಿಸಿ ಕೇಳಿದ. ಆಮೇಲೆ ಹೇಳಿದ, "ಶುಕ್ರವಾರದ ತನಕ ನೋಡುವ ಅತ್ತೆ. ಒಂದು ದೊಡ್ಡ ಆರ್ಡರ್ ಎಲ್ಲಿಂದಾದರೂ ಬಂದರೆ ಕಿಟಕಿ ನಿನ್ನದೇ, ನಾನೇ ಎಲ್ಲರಿಗೂ ಹೇಳುತ್ತೇನೆ. ಬಾರದಿದ್ದರೆ ನಬೀಲ್."

ಅವನು ಹೋದ ಮೇಲೆ ಆರ್ಡರ್ ನಾನು ತರುತ್ತೇನೆ ಎಂದೆ. ಅಜೀಜಿಯಾದಲ್ಲಿ ನಮ್ಮ ಊರಿನವರು ರಂಜಾನಿನ ಪ್ರತಿ ಶುಕ್ರವಾರ ಒಟ್ಟಿಗೆ ಇಫ್ತಾರ್ ಮಾಡುತ್ತಾರೆ. ಕುಟುಂಬಗಳು ಎಷ್ಟೋ, ಮಕ್ಕಳು ಎಷ್ಟೋ. ಅಪ್ಪ, ಪತ್ತಿರಿ, ಬನ್ನು ಎಲ್ಲ ಹೊರಗಿನಿಂದ ತರಿಸುತ್ತಾರೆ. ತಿನ್ನುವ ವಿಷಯದಲ್ಲಿ ನಮ್ಮವರು ಬಿಡುವವರಲ್ಲ, ಒಮ್ಮೆ ಬಾಯಿಗೆ ಬಿದ್ದರೆ ಸಾಕು ಎಂದೆ. ಹವ್ವಾ ನನ್ನನ್ನು ನೋಡಿದಳು. ಎಷ್ಟು ಅಕ್ಕಿ ನೆನೆಸಲಿ ಎಂದು ಕೇಳಿದಳು. ದೊಡ್ಡ ಟಬ್ಬಿನಲ್ಲಿ ನೆನೆಸು ಎಂದೆ.

ರಂಜಾನಿಗೆ ಮೊದಲಿನ ಆ ಶುಕ್ರವಾರ ಜುಮಾ ನಮಾಜು ಆದ ಮೇಲೆ ಜೋಹರಾಳ ಮನೆಯಲ್ಲಿ ಹೆಂಗಸರು ಸೇರುವುದಿತ್ತು. ಜೋಹರಾ ಎಂದರೆ ಜೀನತಳ ಚಿಕ್ಕಮ್ಮ, ಗಂಡ ಕಂಟ್ರಾಕ್ಟರ್, ಇಫ್ತಾರಿನ ಅಡುಗೆ ಎಂತದ್ದು, ಎಲ್ಲಿಂದ ಎಂದು ಹೇಳುವವಳು ಅವಳೇ. ನಾನೂ ಜೀನತಳೂ ಸ್ಟೀಲ್ ಡಬ್ಬಿ ತುಂಬ ಮಾಸಾ ತೆಗೆದುಕೊಂಡು ಹೋದೆವು. ಕೆಳಗೆ ಬಟ್ಟೆ, ಮೇಲೆ ಬಟ್ಟೆ, ಬಿಸಿ ಆರದ ಹಾಗೆ. ಕಾರಿನಲ್ಲಿ ಜೀನತ್ ಒಂದೇ ಮಾತು ಹೇಳಿದಳು, "ಮಾಮಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ." ಸರಿ ಎಂದೆ.

ಎ.ಸಿ. ಹಾಕಿದ ಕೋಣೆ, ಕಾರ್ಪೆಟ್, ಸುತ್ತ ದಿಂಬು. ಡಬ್ಬಿ ತೆರೆದಾಗ ಎಲ್ಲರೂ ಬಗ್ಗಿ ನೋಡಿದರು. ನಮ್ಮ ಗುಳಿಯಪ್ಪವೇ ಅಲ್ಲವೇ, ಬೆಲ್ಲ ಇಲ್ಲ, ಜೀರಿಗೆ ಉಂಟು ಎಂದು ಮಾತು. ತಿಂದರು. ಮತ್ತೆ ತೆಗೆದರು. ಒಬ್ಬಳು ಚಾದಲ್ಲಿ ಅದ್ದಿದಳು. ಜೋಹರಾ ಎರಡು ತಿಂದು ಬೆರಳು ನೆಕ್ಕಿ, ಈ ಸಲ ಶುಕ್ರವಾರಗಳಿಗೆಲ್ಲ ಇದೇ ಇರಲಿ, ಬನ್ನೂ ಅಲ್ಲಿಂದಲೇ ಬರಲಿ ಎಂದಳು. ಜೀನತ್ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು, ಬೇಗ ಹೊರಡುವ ಎಂಬ ಹಾಗೆ.

ನಮ್ಮ ಹೆಂಗಸರಲ್ಲಿ ಒಂದು ಕ್ರಮ ಉಂಟು. ಯಾವ ತಿಂಡಿ ತಿಂದರೂ ಮಾಡಿದವರು ಯಾರೆಂದು ಕೇಳದೆ ಏಳುವುದಿಲ್ಲ. ಇದು ಯಾರ ಕೈ ಎಂದು ಕೇಳುತ್ತಾರೆ. ಮದುವೆಯಲ್ಲಿಯೂ, ಮರಣದ ಮನೆಯಲ್ಲಿಯೂ ಕೇಳುತ್ತಾರೆ. ಉತ್ತರ ಸಿಕ್ಕಿದ ಮೇಲೆಯೇ ರುಚಿ ಗಟ್ಟಿಯಾಗುವುದು.

"ಇದು ಯಾರ ಕೈ, ಬೀಪಾತುಮ್ಮ?" ಎಂದಳು ಜೋಹರಾ.

"ಹವ್ವಾಳ ಕೈ," ಎಂದೆ.

"ಯಾವ ಹವ್ವಾ? ಉಳ್ಳಾಲದವಳಾ?"

"ಅಲ್ಲ. ನಮ್ಮ ಗಲ್ಲಿಯ ಕಪ್ಪು ಹೆಂಗಸು. ಅವರೆಲ್ಲ ಸೇರಿ ಇಟ್ಟ ಬೇಕರಿ."

ಜೋರು ಮಾತು ಯಾರೂ ಆಡಲಿಲ್ಲ. ಚಾದಲ್ಲಿ ಅದ್ದುತ್ತಿದ್ದವಳು ತಿಂದು ಉಳಿದ ಅರ್ಧವನ್ನು ತಟ್ಟೆಯ ಅಂಚಿಗೆ ಇಟ್ಟು ಮೇಲೆ ಟಿಶ್ಯೂ ಮುಚ್ಚಿದಳು. ಸತ್ತವರಿಗೆ ಮುಚ್ಚುವ ಹಾಗೆ. ಇನ್ನೊಬ್ಬಳು ಎದ್ದು ಬಾಯಿ ಮುಕ್ಕಳಿಸಲು ಹೋದಳು. ಜೋಹರಾ ನಿಧಾನವಾಗಿ ಹೇಳಿದಳು, "ಅವರ ಶುಚಿ ಹೇಗೋ ಏನೋ ಮಾರಾಯ್ತಿ. ಮಕ್ಕಳು ತಿನ್ನುವುದಲ್ಲವಾ? ಒಂದು ಕೆಲಸ ಮಾಡು. ನೀನೇ ಮಾಡಿ ಕೊಡು. ನಿನ್ನ ಕೈ ಆದರೆ ನಮಗೆ ಎಂತ ತೊಂದರೆಯೂ ಇಲ್ಲ."

ಜೀನತ್ ನನ್ನ ಸೆರಗು ಎಳೆದಳು. ಹೂಂ ಎಂದರೆ ಮುಗಿಯುತ್ತಿತ್ತು. ಹಿಟ್ಟು ಅಲ್ಲಿಯದ್ದೇ, ಒಲೆ ಅಲ್ಲಿಯದ್ದೇ, ಯಾರು ಬಂದು ನೋಡುತ್ತಾರೆ? ಅದು ನನಗೆ ತಿಳಿಯದ್ದಲ್ಲ. ಆದರೆ ನನ್ನನ್ನು ಹೆಣ್ಣು ನೋಡಲು ಬಂದವರು ಚಾ ಕುಡಿದು, ತಿಂಡಿ ತಿಂದು, ಹುಡುಗಿ ಕಪ್ಪು ಎಂದು ಎದ್ದುಹೋದದ್ದು ಒಂದು ಸಲವಲ್ಲ. ತಟ್ಟೆಯಲ್ಲಿ ಬಿಟ್ಟುಹೋದ ತಿಂಡಿ ತೆಗೆದವಳು ನಾನು. ಆ ಟಿಶ್ಯೂ ನೋಡಿದ ಮೇಲೆ ನನಗೆ ಹೂಂ ಬರಲಿಲ್ಲ.

"ಅವಳು ನನಗಿಂತ ಶುಚಿ," ಎಂದೆ. "ನಾನು ಹುಟ್ಟಿದ ಮೇಲೆ ಅಷ್ಟು ಸಲ ಕೈ ತೊಳೆದಿಲ್ಲ. ಬೇಕಾದರೆ ಅವಳ ಕೈಯದ್ದು ತಿನ್ನಿ, ಬೇಡವಾದರೆ ಬಿಡಿ."

ಬಿಟ್ಟರು. ಡಬ್ಬಿಯಲ್ಲಿ ಉಳಿದದ್ದನ್ನು ಕಟ್ಟಿಕೊಂಡು ಬಂದೆವು. ಕಾರಿನಲ್ಲಿ ಜೀನತ್ ಅತ್ತಳು. ತನಗೆ ಇನ್ನು ಅಜೀಜಿಯಾದಲ್ಲಿ ಮುಖ ಇಲ್ಲ ಎಂದಳು. ಮುಖ ಅಲ್ಲಿಯೇ ಉಂಟು, ಒರೆಸಿಕೋ ಎಂದೆ.

ಬೇಕರಿಗೆ ಬಂದರೆ ಹವ್ವಾ ಕಿಟಕಿಯಲ್ಲಿ ಇದ್ದಳು, ಮಣಿಕಟ್ಟಿನ ಬಟ್ಟೆ ಬದಲಿಸಿಕೊಂಡಿದ್ದಳು. ಒಳಗೆ ಟಬ್ಬಿನ ತುಂಬ ಹಿಟ್ಟು, ಉಬ್ಬಿ ಅಂಚಿಗೆ ಬಂದಿತ್ತು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಯಾರ ಕೈ ಎಂದು ಕೇಳಿದ್ದು, ನಾನು ಹೇಳಿದ್ದು, ನೀನೇ ಮಾಡು ಎಂದದ್ದು, ನಾನು ಆಗದು ಎಂದದ್ದು. ನನಗೆ ಹೊಗಳಿಕೆ ಬೇಕಿರಲಿಲ್ಲ. ಆದರೂ ಕೈಯನ್ನಾದರೂ ಹಿಡಿಯುತ್ತಾಳೆ ಎಂದುಕೊಂಡಿದ್ದೆ.

ಅವಳು ಕೇಳಿದಳು, "ಹೂಂ ಎಂದಿದ್ದರೆ ಆರ್ಡರ್ ಸಿಗುತ್ತಿತ್ತಾ?"

"ಸಿಗುತ್ತಿತ್ತು."

"ನಾನು ಕಿಟಕಿಯಲ್ಲಿ ಇರುತ್ತಿದ್ದೆನಾ?"

ನಾನು ಡಬ್ಬಿಯನ್ನು ಹಲಗೆಯ ಮೇಲೆ ಇಟ್ಟೆ.

"ನಿನ್ನನ್ನು ಕಳಿಸಿದ್ದು ಅಪ್ಪ ಮಾರಲಿಕ್ಕೆ, ಅವರಿಗೆ ಬುದ್ಧಿ ಹೇಳಲಿಕ್ಕೆ ಅಲ್ಲ," ಎಂದಳು. "ನೀನು ಸತ್ಯ ಹೇಳಿ ಮನೆಗೆ ಹೋಗುತ್ತೀ. ನಾಳೆ ನಿನ್ನ ಮಗ ಬೇರೆ ಕಡೆ ಮನೆ ಹಿಡಿಯುತ್ತಾನೆ, ನಿನ್ನ ಊರಿಗೆ ವಿಮಾನ ಉಂಟು. ಈ ಟಬ್ಬನ್ನು ನಾನು ಎಲ್ಲಿಗೆ ಕೊಂಡುಹೋಗಲಿ?"

"ಅವರು ನಿನ್ನನ್ನು ಅಂದದ್ದು ನನ್ನನ್ನೇ ಅಂದ ಹಾಗೆ ಆಯಿತು," ಎಂದೆ.

"ಹಾಗಾದರೆ ಅದು ನಿನ್ನ ಸಿಟ್ಟು," ಎಂದಳು. "ನನ್ನ ಹಿಟ್ಟಿನಲ್ಲಿ ಯಾಕೆ ಕಲಸಿದೆ?"

ಆ ಕೋಣೆಯಲ್ಲಿ ಮತ್ತೆ ಕೂರಿಸಿ ಕೇಳಿದರೂ ನಾನು ಅದನ್ನೇ ಹೇಳುತ್ತಿದ್ದೆ. ಅವಳು ಕೇಳಿದ್ದು ಸರಿ, ನಾನು ಹೇಳಿದ್ದೂ ಸರಿ. ಆದರೆ ಹಾಳಾದದ್ದು ಅವಳದ್ದು, ನನ್ನದಲ್ಲ.

ಆ ಸಂಜೆ ಅವಳು ಟಬ್ಬಿನ ಹಿಟ್ಟನ್ನೆಲ್ಲ ಅಪ್ಪ ಸುಟ್ಟು ಮುಗಿಸಿದಳು. ಒಬ್ಬಳೇ ನಿಂತು, ಒಂದು ಕಾವಲಿ ಆದ ಮೇಲೆ ಇನ್ನೊಂದು. ನಾನು ಎಣ್ಣೆ ಸವರಲು ಹೋದೆ, ಬೇಡ ಎಂದಳು. ಎಲ್ಲ ಮಸೀದಿಗೆ ಹೋಯಿತು. ಇದ್ರೀಸ್ ಬಂದು ಬಾಗಿಲಲ್ಲಿ ನಿಂತ, ಕೇಳಲಿಲ್ಲ. ಕೇಳುವುದಕ್ಕೆ ಎಂತ ಇತ್ತು? ಅವಳೇ, "ಆ ಶಾಮಿಯನ್ನು ನಾಳೆ ಕಳಿಸು," ಎಂದಳು.

ನಬೀಲ್ ಬಂದ. ನಲವತ್ತರ ಗಂಡಸು, ಗಡ್ಡ ಟ್ರಿಮ್ ಮಾಡಿದ್ದ, ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನಿಂತಿದ್ದ. ಅವನಿಗೂ ಮಕ್ಕಳಿದ್ದರು, ಕೆಲಸಕ್ಕೆ ಕರೆಸಿಕೊಂಡ ಕಫೀಲನ ಕಾಟ ಇತ್ತು, ಕೆಲಸ ಬೇಕಿತ್ತು. ಹವ್ವಾ ತನ್ನ ಏಪ್ರನ್ ಬಿಚ್ಚಿ, ಅವನಿಗೆ ತಾನೇ ಹಿಂದಿನಿಂದ ಗಂಟು ಹಾಕಿದಳು. ಕಟ್ಟೆ ಅವನಿಗೆ ತಗ್ಗಾಗಿತ್ತು, ಬಗ್ಗಬೇಕಿತ್ತು. ಅದನ್ನು ನೋಡಿ ಸ್ವಲ್ಪ ನಕ್ಕಳು. ಆಮೇಲೆ ಅವನಿಗೆ ಕಲಿಸಿದಳು, ಎಷ್ಟು ಬಿಸಿ ಇರುವಾಗ ಕೊಡಬೇಕು, ಕಾಗದ ಹೇಗೆ ಮಡಚಬೇಕು ಎಂದು. ಕೊನೆಗೆ ನನ್ನ ಕಡೆ ಒಮ್ಮೆ ನೋಡಿ ಅವನಿಗೆ ಹೇಳಿದಳು, "ಇದು ಯಾರ ಕೈ ಎಂದು ಯಾರಾದರೂ ಕೇಳಿದರೆ, ನಿನ್ನದೇ ಕೈ ಎನ್ನು."

"ಹಾಗೆ ಹೇಗೆ ಹೇಳಲಿ ಹಜ್ಜಾ?" ಎಂದ ಅವನು.

"ಬಾಯಿಯಿಂದ," ಎಂದಳು.

ಕಿಟಕಿಯ ಹಿಂದೆ ಒಂದು ತಡಿಕೆ ಎಬ್ಬಿಸಿದರು. ಅದರಲ್ಲಿ ತಟ್ಟೆ ದಾಟುವಷ್ಟು ಒಂದು ಕಿಂಡಿ. ಒಳಗಿನಿಂದ ತಟ್ಟೆ ಬರುವುದು ಕಾಣುತ್ತದೆ, ಕೊಡುವವರು ಕಾಣುವುದಿಲ್ಲ. ರಂಜಾನ್ ಶುರುವಾಯಿತು. ಸಂಜೆ ಮಗ್ರಿಬ್ ನಮಾಜಿಗೆ ಮೊದಲು ಆ ಕಿಟಕಿಯ ಎದುರು ಕಾರು ನಿಲ್ಲಿಸಲು ಜಾಗವಿಲ್ಲ. ಶಾಮಿಯ ಹೊಸ ಬೇಕರಿ ಎಂದು ಸುದ್ದಿ. ಮೊದಲ ದಿನ ನಕ್ಕವಳೂ ಬಂದಳು, ಅಂತೂ ಒಳ್ಳೆಯ ಮಾಲೀಕರು ಬಂದರು ಎಂದು ನಬೀಲನಿಗೇ ಹೇಳಿದಳು. ಎರಡನೆಯ ವಾರ ಜೋಹರಾಳ ಡ್ರೈವರನ್ನೂ ಸಾಲಿನಲ್ಲಿ ಕಂಡೆ. ಗಲ್ಲಿಯ ಹೆಂಗಸರು ಯಾರೂ ಮತ್ತೆ ಬಟ್ಟೆ ಹಾಸಲಿಲ್ಲ. ಹಾಗೆ ನೋಡಿದರೆ ಇದ್ರೀಸ್ ಹೇಳಿದ್ದೆಲ್ಲ ಆಯಿತು.

ನಾನು ಹೋಗುವುದನ್ನು ನಿಲ್ಲಿಸಲಿಲ್ಲ. ಅಕ್ಕಿ ತೊಳೆದೆ, ರುಬ್ಬಿದೆ. ಹವ್ವಾ ಬೈಯುವುದನ್ನು ಬಿಟ್ಟಿದ್ದಳು. ಹಿಟ್ಟು ಸ್ವಲ್ಪ ನೀರಾದರೂ ಪರವಾಗಿಲ್ಲ ಎನ್ನುತ್ತಿದ್ದಳು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಈದ್ ಆದ ಮೇಲೆ ಹೋಗಲಿಲ್ಲ. ಅವಳು ಹೇಳಿದ ಹಾಗೆಯೇ ಹನೀಫನಿಗೆ ಬೇರೆ ಕೆಲಸ ಸಿಕ್ಕಿ ನಾವು ಅಜೀಜಿಯಾಕ್ಕೆ ವಾಪಸು ಬಂದೆವು. ಸಾಮಾನು ಏರಿಸುವ ದಿನ ಬೀಳ್ಕೊಡಲು ಹೋದೆ. ಒಲೆಯಲ್ಲಿ ಇದ್ದಾಳೆ, ಈಗ ಆಗುವುದಿಲ್ಲ ಎಂದ ನಬೀಲ್.

ಇದೆಲ್ಲ ಆಗಿ ಮೂರು ರಂಜಾನ್ ಕಳೆದವು. ಕಳೆದ ತಿಂಗಳು ಆ ಗಲ್ಲಿಯ ಬಾಯಿಯಲ್ಲಿ ಹನೀಫ್ ಟಯರಿಗೆ ಗಾಳಿ ಹಾಕಿಸುತ್ತಿದ್ದ. ನಾನು ಇಳಿದು, ಕೋಲು ಊರಿಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಬಿಸಿ ಗಾಳಿಗೆ ಮುಖಕ್ಕೆ ಬಟ್ಟೆ ಕಟ್ಟಿದ್ದೆ. ನಬೀಲನ ಗಡ್ಡದಲ್ಲಿ ಬಿಳಿ ಬಂದಿದೆ. ಏಪ್ರನ್ ಹೊಸದು. ಕಟ್ಟೆ ಮಾತ್ರ ಅದೇ, ಹವ್ವಾಳ ಹೊಟ್ಟೆಯ ಎತ್ತರಕ್ಕೆ, ಅವನು ಇನ್ನೂ ಬಗ್ಗಿಯೇ ಕೊಡುತ್ತಾನೆ. ನನ್ನ ಸರದಿ ಬಂದಾಗ ಒಂದು ಪೊಟ್ಟಣ ಮಾಸಾ ಕೇಳಿದೆ. ಬಿಸಿಯದ್ದು ಈಗ ಬರುತ್ತದೆ, ನಿಲ್ಲಿ ಎಂದ. ಗುರುತು ಹಿಡಿಯಲಿಲ್ಲ.

ನನ್ನ ಹಿಂದೆ ಒಬ್ಬಳು ಎಳೆಯ ಪ್ರಾಯದ ಹೆಂಗಸು, ಕಂಕುಳಲ್ಲಿ ಮಗು. ನಾನು ಫೋನಿನಲ್ಲಿ ಹನೀಫನಿಗೆ ಹೇಳಿದ ಮಾತು ಕೇಳಿ ನಾನು ತನ್ನ ಕಡೆಯವಳೆಂದು ಅವಳಿಗೆ ತಿಳಿಯಿತು. ತಾವು ಬಂಟ್ವಾಳದವರು, ಬಂದು ಹೊಸತು, ಇಲ್ಲಿಯದ್ದು ಒಳ್ಳೆಯದುಂಟು ಎಂದು ಎಲ್ಲರೂ ಹೇಳುತ್ತಾರೆ ಎಂದಳು. ಆಮೇಲೆ ನಮ್ಮವರು ಕೇಳುವುದನ್ನೇ ಕೇಳಿದಳು.

"ಇದು ಯಾರ ಕೈ, ನಿಮಗೆ ಗೊತ್ತುಂಟಾ ಉಮ್ಮ?"

ಆಗ ಹಿಂದಿನ ಕಿಂಡಿಯಲ್ಲಿ ತಟ್ಟೆ ಬಂತು. ಹಿಡಿದ ಕೈಯ ಮಣಿಕಟ್ಟಿನ ಮೇಲೆ ಸುಟ್ಟ ಗಾಯ ಒಣಗಿ ಉದ್ದಕ್ಕೆ ಹೊಳೆಯುವ ಕಲೆ. ಹವ್ವಾ ನಮ್ಮ ಭಾಷೆ ತಿಳಿದವಳಲ್ಲ, ಆದರೆ ಯಾರ ಕೈ ಎಂಬ ಆ ಎರಡು ಮಾತನ್ನು ನನ್ನ ಬಾಯಿಂದ ಎಷ್ಟೋ ಸಲ ಕೇಳಿದ್ದಳು, ಈಗ ಸಾಲಿನಲ್ಲಿ ನನ್ನ ಸ್ವರವನ್ನೂ ಕೇಳಿರಬೇಕು. ತಟ್ಟೆ ಅರ್ಧ ಹೊರಗೆ ಬಂದು ನಿಂತಿತು. ನಬೀಲ್ ಕೈ ಚಾಚಿದ, ಆ ಕೈ ಬಿಡಲಿಲ್ಲ.

"ಶಾಮಿಯ ಕೈ," ಎಂದೆ.

ತಟ್ಟೆ ಮುಂದೆ ಬಂತು.